ಕೊಡಗಿನ ಮಳೆಗೆ ಕೈಯಿಂದ ತಳ್ಳುವ ರೀಲ್ ಮೋವರ್ ಒಗ್ಗುತ್ತದೆಯೇ?

ಮಡಿಕೇರಿ ಅಂಗಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗೆ, ಇಳಿಜಾರನ್ನು ಕಡಿದು ಸಮ ಮಾಡಿದ ಜಾಗದಲ್ಲಿ ನಮ್ಮ ಮನೆಯಿದೆ. ಮನೆಯ ಮುಂದೆ 5 ಸೆಂಟ್‌ನಷ್ಟು ಹುಲ್ಲುಹಾಸು ಬೆಳೆಸಿದ್ದೇವೆ. ಸಿಲ್ವರ್ ಓಕ್ ಮರಗಳ ನೆರಳು ಬೀಳುವ ಕಡೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಇದೆ, ಬಿಸಿಲಿರುವ ಕಡೆ ಗರಿಕೆ ಹಬ್ಬಿಕೊಂಡಿದೆ. ಪಕ್ಕದ ತೋಟದ ಕೆಲಸದವರೊಬ್ಬರು ಪೆಟ್ರೋಲ್ ವೀಡ್ ಕಟರ್ ತಂದು ಇದನ್ನು ಕತ್ತರಿಸಿಕೊಡುತ್ತಾರೆ. ಕಾಫಿ ಕೊಯ್ಲು ಶುರುವಾದ ಮೇಲೆ ಅವರು ಸಿಗುವುದಿಲ್ಲ, ಅದು ಸಹಜವೇ. ಆದರೆ ಅವರು ಬಂದ ದಿನವೂ ಹುಲ್ಲು ಒಂದು ಕಡೆ ಬುಡದವರೆಗೆ ಬೋಳಾಗಿ ಮತ್ತೊಂದು ಕಡೆ ಉದ್ದಕ್ಕೆ ಉಳಿದುಬಿಡುತ್ತದೆ, ಕೆಲವೇ ದಿನಗಳಲ್ಲಿ ತುದಿಗಳು ಒಣಗಿ ಇಡೀ ಅಂಗಳ ಕಂದು ಬಣ್ಣಕ್ಕೆ ತಿರುಗುತ್ತದೆ. ಮನೆಯಲ್ಲಿ ವಯಸ್ಸಾದ ಅತ್ತೆಯವರಿದ್ದಾರೆ. ಆ ಯಂತ್ರದ ಸದ್ದನ್ನು ಅವರಿಂದ ಸಹಿಸಲು ಆಗುವುದಿಲ್ಲ.

ಈ ಕಾರಣಗಳಿಂದ ಪೆಟ್ರೋಲು, ಕರೆಂಟು ಎರಡೂ ಬೇಡದ, ಕೈಯಿಂದ ತಳ್ಳುವ ರೀಲ್ ಮೋವರ್ ಕೊಳ್ಳಬೇಕೆಂದು ಯೋಚಿಸುತ್ತಿದ್ದೇನೆ. ನಮ್ಮ ಕಡೆಯ ಮಳೆಗಾಲದಲ್ಲಿ ಇದು ನಡೆಯುತ್ತದೆಯೇ? ಮರದಿಂದ ಬೀಳುವ ಕಡ್ಡಿ, ತರಗೆಲೆಗಳಿಂದ ತೊಂದರೆಯಿದೆಯೇ? ಅಲಗು ಮೊಂಡಾದರೆ ಸಾಣೆ ಹಿಡಿಸುವುದು ಎಲ್ಲಿ? ನಿಜವಾಗಿ ಬಳಸಿ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಗೋಣಿಕೊಪ್ಪ ತೋಟ:

ಮೇಡಂ, ನಿಮ್ಮ ಅಂಗಳದ ಅಳತೆಗೆ ಈ ಯಂತ್ರ ಧಾರಾಳವಾಗಿ ಸಾಕು. 5 ಸೆಂಟ್ ಎಂದರೆ ಸುಮಾರು 200 ಚದರ ಮೀಟರ್. 35 ಸೆಂಟಿಮೀಟರ್ ಅಗಲದ ರೀಲ್ (ಹುಲ್ಲು ಕತ್ತರಿಸುವ ಉರುಳೆ) ಇರುವ ಯಂತ್ರವನ್ನು ಒಂದು ಸಾಲಿನ ಅಂಚಿನ ಮೇಲೆ ಮುಂದಿನ ಸಾಲು ಸ್ವಲ್ಪ ಹಾಯುವಂತೆ ತಳ್ಳಿದರೆ, ಪ್ರತಿ ಸಾಲಿಗೆ 30 ಸೆಂಟಿಮೀಟರ್ ಲೆಕ್ಕಕ್ಕೆ ಸಿಗುತ್ತದೆ. ಅಂದರೆ 700 ಮೀಟರ್ ಒಳಗಿನ ನಡಿಗೆಯಲ್ಲಿ ಇಡೀ ಅಂಗಳ ಒಮ್ಮೆ ಮುಗಿಯುತ್ತದೆ. ತಿರುವುಗಳನ್ನೂ, ಅಡ್ಡಲಾಗಿ ಎರಡನೆಯ ಸಲ ತಳ್ಳುವುದನ್ನೂ ಸೇರಿಸಿದರೂ ಒಂದು ಗಂಟೆ ಹಿಡಿಯದು. ನೀವು ನೋಡಿಕೊಳ್ಳಬೇಕಾದದ್ದು ಅಳತೆಯನ್ನಲ್ಲ, ಎಷ್ಟು ದಿನಕ್ಕೊಮ್ಮೆ ತಳ್ಳಲು ನಿಮಗೆ ಸಾಧ್ಯ ಎಂಬುದನ್ನು.

ಅದು ಏಕೆ ಎಂದು ತಿಳಿಯಲು ಯಂತ್ರ ಕೆಲಸ ಮಾಡುವ ರೀತಿಯನ್ನು ನೋಡಬೇಕು. ಇದರಲ್ಲಿ ಮೋಟಾರು ಇಲ್ಲ. ನೀವು ತಳ್ಳಿದಾಗ ತಿರುಗುವ ಚಕ್ರಗಳೇ ಗೇರಿನ ಮೂಲಕ ರೀಲನ್ನು ತಿರುಗಿಸುತ್ತವೆ. ರೀಲಿನಲ್ಲಿ ಸುರುಳಿಯಾಗಿ ತಿರುಚಿದ, ಸಾಮಾನ್ಯವಾಗಿ ಐದು ಅಲಗುಗಳಿರುತ್ತವೆ. ಅವು ಹುಲ್ಲನ್ನು ತಳದಲ್ಲಿ ಅಲುಗಾಡದಂತೆ ಕೂರಿಸಿದ ಇನ್ನೊಂದು ಅಲಗಿನತ್ತ ಎಳೆದುಕೊಂಡು, ಕತ್ತರಿಯ ಎರಡು ಬಾಯಿಗಳು ಕೂಡುವಂತೆ ಕೂಡಿ ಕತ್ತರಿಸುತ್ತವೆ. ವೀಡ್ ಕಟರ್ ಕೆಲಸ ಮಾಡುವುದು ಬೀಸುವ ಹೊಡೆತದ ಬಲದಿಂದ. ಅದರ ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆ, ಹರಿದ ತುದಿ ಒಣಗುತ್ತದೆ. ನಿಮ್ಮ ಅಂಗಳ ಕಂದಾಗುವುದಕ್ಕೆ ಮುಖ್ಯ ಕಾರಣ ಇದೇ. ರೀಲ್ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅವರಿಗೆ ದಾರಿ ತೋರಿಸಿದ್ದು, ಉಣ್ಣೆ ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರ. ಇಂದಿಗೂ ಗಾಲ್ಫ್ ಮೈದಾನಗಳಲ್ಲಿ ಚೆಂಡು ಉರುಳಬೇಕಾದ ಹಸಿರನ್ನು ಮೋಟಾರು ಜೋಡಿಸಿದ ರೀಲ್ ಯಂತ್ರದಿಂದಲೇ ಕತ್ತರಿಸುತ್ತಾರೆ, ಏಕೆಂದರೆ ಅಷ್ಟು ಗಿಡ್ಡವಾಗಿ, ಅಷ್ಟು ಸಮನಾಗಿ ಬೇರೆ ಯಾವುದೂ ಕತ್ತರಿಸುವುದಿಲ್ಲ.

ಆದರೆ ಹುಲ್ಲು ರೀಲಿನ ನಡುಮಟ್ಟಕ್ಕಿಂತ ಎತ್ತರ ಬೆಳೆದರೆ ಅಲಗು ಅದನ್ನು ಒಳಗೆ ಎಳೆದುಕೊಳ್ಳಲಾರದು. ಯಂತ್ರ ಹುಲ್ಲನ್ನು ಮುಂದಕ್ಕೆ ಮಲಗಿಸಿ ಅದರ ಮೇಲೆಯೇ ಸಾಗುತ್ತದೆ, ಯಂತ್ರ ದಾಟಿದ ಮೇಲೆ ಹುಲ್ಲು ಮತ್ತೆ ಏಳುತ್ತದೆ. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬ ನಿಯಮ ಎಲ್ಲ ಹುಲ್ಲುಹಾಸಿಗೂ ಇದೆ, ಈ ಯಂತ್ರದಲ್ಲಿ ಅದನ್ನು ಮೀರುವುದು ಕಷ್ಟವೂ ಹೌದು. ಕಾರ್ಪೆಟ್ ಹುಲ್ಲನ್ನು 4ರಿಂದ 5 ಸೆಂಟಿಮೀಟರ್ ಎತ್ತರಕ್ಕೆ, ಬಿಸಿಲಿನ ಗರಿಕೆಯನ್ನು 3 ಸೆಂಟಿಮೀಟರ್ ಆಸುಪಾಸಿಗೆ ಇಟ್ಟುಕೊಳ್ಳಿ. ಕಾಫಿ ಹೂವನ್ನು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ನಂತರ ಹುಲ್ಲು ಚಿಗುರುವ ರಭಸಕ್ಕೆ ವಾರಕ್ಕೊಮ್ಮೆ ತಳ್ಳಲೇಬೇಕಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಅಷ್ಟು ಬೇಕಾಗುವುದಿಲ್ಲ.

ಕಾರ್ಪೆಟ್ ಹುಲ್ಲಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಅದು ಹೂಬಿಡುವ ಕಾಲದಲ್ಲಿ ತೆಳ್ಳಗಿನ ಉದ್ದ ಕಡ್ಡಿಗಳನ್ನು ಎತ್ತುತ್ತದೆ, ತುದಿಯಲ್ಲಿ ಕವಲೊಡೆದ ಎರಡು ಮೂರು ಬೆರಳಿನಂಥ ತೆನೆಗಳಿರುತ್ತವೆ. ರೀಲ್ ಆ ಕಡ್ಡಿಗಳನ್ನು ಬಗ್ಗಿಸಿ ಬಿಟ್ಟುಬಿಡುತ್ತದೆ. ಕಡ್ಡಿ ಎಳೆಯದಾಗಿರುವಾಗಲೇ ಎದುರು ದಿಕ್ಕಿನಿಂದ ಮತ್ತೊಮ್ಮೆ ತಳ್ಳಿದರೆ ಬಹುಪಾಲು ಹೋಗುತ್ತವೆ, ಉಳಿದವನ್ನು ಕುಡುಗೋಲಿನಲ್ಲಿ ಸವರಬೇಕು. ಮುಟ್ಟಿದರೆ ಮುನಿ ಸೇರಿಕೊಂಡಿದ್ದರೆ ಅದನ್ನು ಬೇರುಸಹಿತ ಕಿತ್ತುಬಿಡಿ, ಅದರ ನಾರಿನ ಕಾಂಡಕ್ಕೆ ಈ ಯಂತ್ರ ಹೇಳಿಮಾಡಿಸಿದ್ದಲ್ಲ.

ಭಾಗಮಂಡಲ ಮಳೆಗಾಲ:

ಗೋಣಿಕೊಪ್ಪದವರು ಹೇಳಿದ್ದು ಅವರ ಕಡೆಗೆ ಪೂರ್ತಿ ಸರಿ. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುತ್ತದೆ, ನಮ್ಮ ಭಾಗಮಂಡಲದ ಕಡೆ ಇನ್ನೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಗೋಣಿಕೊಪ್ಪ, ಕುಶಾಲನಗರದಂಥ ಮಳೆ ಕಡಿಮೆಯಿರುವ ಕಡೆಯವರ ಅನುಭವವನ್ನು ಕೇಳಿ ನಾವು ಯಂತ್ರ ಕೊಂಡರೆ ಜುಲೈ ತಿಂಗಳಲ್ಲಿ ಅದು ಕೊಟ್ಟಿಗೆಯ ಮೂಲೆ ಸೇರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಕಾರಣ ಸರಳವಾಗಿದೆ. ರೀಲಿಗೆ ಬಲ ಬರುವುದು ಚಕ್ರ ನೆಲವನ್ನು ಹಿಡಿಯುವುದರಿಂದ. ನೆಂದ ಹುಲ್ಲಿನ ಮೇಲೆ ಚಕ್ರ ತಿರುಗದೆ ಜಾರುತ್ತದೆ, ಚಕ್ರ ಜಾರಿದ ಕ್ಷಣವೇ ರೀಲ್ ನಿಲ್ಲುತ್ತದೆ. ಅದರ ಜೊತೆಗೆ ಒದ್ದೆ ಹುಲ್ಲು ಅಲಗುಗಳ ನಡುವೆ ಮುದ್ದೆಗಟ್ಟಿಕೊಳ್ಳುತ್ತದೆ, ಮೆತ್ತಗಾದ ಕೆಂಪು ಮಣ್ಣಿನಲ್ಲಿ ಚಕ್ರದ ಗುರುತು ಇಳಿದು ಅಂಗಳ ಉಬ್ಬುತಗ್ಗಾಗುತ್ತದೆ. ಅಂಥ ಉಬ್ಬುಗಳ ಮೇಲೆ ಮುಂದಿನ ಸಲ ಅಲಗು ಹಾದಾಗ ಬುಡವೇ ಬೋಳಾಗುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮುಂಗಾರು ಹಿಡಿಯುವ ಮೊದಲ ವಾರದವರೆಗೆ ಬಿಡದೆ ಕತ್ತರಿಸಿ, ಆದರೆ ತೀರಾ ಗಿಡ್ಡ ಮಾಡಬೇಡಿ. ಮೋಡ ಮುಸುಕಿದ ದಿನಗಳಲ್ಲಿ ಹುಲ್ಲಿಗೆ ಬೆಳಕು ಕಡಿಮೆ ಸಿಗುವುದರಿಂದ ಅದಕ್ಕೆ ಎಲೆ ಸ್ವಲ್ಪ ಹೆಚ್ಚೇ ಬೇಕು. ಮಳೆ ಹೊಳವಾಗಿ ಎರಡು ದಿನ ಬಿಸಿಲು ಕಂಡರೆ, ಎರಡನೆಯ ದಿನ ಮಧ್ಯಾಹ್ನದ ಮೇಲೆ ಯಂತ್ರದ ಎತ್ತರವನ್ನು ಕೊನೆಯ ಹಂತಕ್ಕೆ ಏರಿಸಿ ಒಮ್ಮೆ ತಳ್ಳಿ. ಅಂಥ ಹೊಳವು ಸಿಗದೆ ಹುಲ್ಲು ಮೊಣಕಾಲಿನತ್ತ ಏರಿದರೆ ಹಟ ಮಾಡಬೇಡಿ. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮಳೆ ತಗ್ಗಿದಾಗ ಮೊದಲ ಕಟಾವನ್ನು ವೀಡ್ ಕಟರ್‌ನಿಂದಲೋ ಕುಡುಗೋಲಿನಿಂದಲೋ ಮಾಡಿಸಿ, ಒಂದು ವಾರ ಬಿಟ್ಟು, ನಂತರ ರೀಲ್ ಯಂತ್ರವನ್ನು ಹೊರತನ್ನಿ. ನಡೆದಾಡುವ ದಾರಿಯ ಎರಡೂ ಬದಿಯ ಹುಲ್ಲನ್ನು ಮಾತ್ರ ಮಳೆಯ ನಡುವೆಯೂ ಕೈಯಿಂದಲೇ ಗಿಡ್ಡವಾಗಿ ಇಟ್ಟುಕೊಳ್ಳಿ. ಅಷ್ಟು ಮಾಡಿದರೆ ಜಿಗಣೆಯ ಕಾಟ ಎಷ್ಟೋ ಕಡಿಮೆಯಾಗುತ್ತದೆ, ಮನೆಯಲ್ಲಿ ಹಿರಿಯರಿರುವಾಗ ಇದು ಬಹಳ ಮುಖ್ಯ.

ಇಷ್ಟಕ್ಕೆ ಸಿದ್ಧರಿದ್ದರೆ ಕೊಳ್ಳಿ. ವರ್ಷದ ಎಂಟು ತಿಂಗಳು ಸದ್ದಿಲ್ಲದೆ ಸೇವೆ ಮಾಡುವ ಯಂತ್ರವನ್ನು ಉಳಿದ ನಾಲ್ಕು ತಿಂಗಳ ಕಾರಣಕ್ಕೆ ಬೇಡವೆನ್ನಲು ನನಗೂ ಮನಸ್ಸಾಗದು.

ಸೋಮವಾರಪೇಟೆ ಗ್ಯಾರೇಜ್:

ಸಾಣೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಯಂತ್ರ ಕೆಟ್ಟಿದೆ ಎಂದು ತರುವವರಲ್ಲಿ ಹೆಚ್ಚಿನವರ ಯಂತ್ರ ಕೆಟ್ಟಿರುವುದೇ ಇಲ್ಲ, ಹೊಂದಾಣಿಕೆ ತಪ್ಪಿರುತ್ತದೆ ಅಷ್ಟೇ. ರೀಲ್ ಮತ್ತು ತಳದ ಅಲಗಿನ ನಡುವಿನ ಅಂತರವನ್ನು ಸರಿಪಡಿಸಲು ಎರಡೂ ಪಕ್ಕದಲ್ಲಿ ಸ್ಕ್ರೂಗಳಿರುತ್ತವೆ. ಎರಡನ್ನೂ ಸಮನಾಗಿ, ಒಮ್ಮೆಗೆ ಕೂದಲೆಳೆಯಷ್ಟೇ ತಿರುಗಿಸಬೇಕು. ಬಿಗಿ ಹೆಚ್ಚಾದರೆ ತಳ್ಳುವುದು ಭಾರವಾಗಿ ಅಲಗು ಬೇಗ ಸವೆಯುತ್ತದೆ, ಸಡಿಲವಾದರೆ ಹುಲ್ಲು ಕತ್ತರಿಸಿಕೊಳ್ಳದೆ ಮಡಚಿಕೊಂಡು ಉಳಿಯುತ್ತದೆ. ಪರೀಕ್ಷೆಗೆ ಹಳೆಯ ದಿನಪತ್ರಿಕೆಯ ಒಂದು ಪಟ್ಟಿ ಸಾಕು. ಅದನ್ನು ತಳದ ಅಲಗಿನ ಮೇಲೆ ಹಿಡಿದು, ಇನ್ನೊಂದು ಕೈಯಿಂದ ಅಲಗಿನ ಹಿಂಬದಿಯನ್ನು ಹಿಡಿದು ರೀಲನ್ನು ನಿಧಾನವಾಗಿ ತಿರುಗಿಸಿ. ಎಡತುದಿಯಿಂದ ಬಲತುದಿಯವರೆಗೆ ಎಲ್ಲಿ ಇಟ್ಟರೂ ಕಾಗದ ಸ್ವಚ್ಛವಾಗಿ ಕತ್ತರಿಸಬೇಕು. ಕೈಗೆ ದಪ್ಪ ಗವಸು ಇರಲೇಬೇಕು. ಈಗ ಬರುವ ಕೆಲವು ಮಾದರಿಗಳಲ್ಲಿ ಎರಡು ಅಲಗುಗಳು ಒಂದನ್ನೊಂದು ಮುಟ್ಟದಂತೆ ಸಣ್ಣ ಅಂತರ ಬಿಟ್ಟಿರುತ್ತಾರೆ. ಅಂಥವುಗಳಿಗೆ ಜೊತೆಗೆ ಕೊಟ್ಟ ಕೈಪಿಡಿಯ ಅಳತೆಯನ್ನೇ ಅನುಸರಿಸಿ.

ಹೊಂದಾಣಿಕೆ ಸರಿಯಿದ್ದೂ ಕತ್ತರಿಸದಿದ್ದರೆ ಆಗ ಸಾಣೆ. ದಯವಿಟ್ಟು ಕತ್ತಿ ಮಸೆಯುವ ಕಲ್ಲಿಗೆ ಅಥವಾ ಗ್ರೈಂಡರ್‌ಗೆ ಕೊಡಬೇಡಿ. ಸುರುಳಿಯ ಅಲಗಿನ ಒಂದು ಜಾಗ ತಗ್ಗಾದರೂ ಆ ಜಾಗದಲ್ಲಿ ಹುಲ್ಲು ಗೆರೆಯಾಗಿ ಉಳಿಯುತ್ತದೆ. ವಾಹನದ ಬಿಡಿಭಾಗದ ಅಂಗಡಿಗಳಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ. ಅದನ್ನು ಅಲಗುಗಳ ಅಂಚಿಗೆ ತೆಳುವಾಗಿ ಬಳಿದು, ಒಂದು ಪಕ್ಕದ ಚಕ್ರ ಬಿಚ್ಚಿ, ರೀಲನ್ನು ಕತ್ತರಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸುತ್ತಾ ಹೋಗಬೇಕು. ಎರಡೂ ಅಲಗುಗಳು ಒಂದನ್ನೊಂದು ತಿಕ್ಕಿಕೊಂಡು ತಾವೇ ಸಮನಾಗಿ ಹರಿತವಾಗುತ್ತವೆ. ಅಂಚಿನ ಉದ್ದಕ್ಕೂ ಒಂದೇ ಬಗೆಯ ಮಸುಕು ಬೆಳ್ಳಿ ಬಣ್ಣದ ಗೆರೆ ಕಂಡರೆ ಸಾಕು. ಪೇಸ್ಟ್ ಒಂದಿಷ್ಟೂ ಉಳಿಯದಂತೆ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಎಣ್ಣೆ ಹಾಕಿ, ಅಂತರವನ್ನು ಮತ್ತೆ ಸರಿಪಡಿಸಿ. ಮನೆಬಳಕೆಗೆ ವರ್ಷಕ್ಕೊಮ್ಮೆ ಇದನ್ನು ಮಾಡಿದರೆ ಹೆಚ್ಚಾಯಿತು.

ಸಿಲ್ವರ್ ಓಕ್ ಕಡ್ಡಿಗಳ ಬಗ್ಗೆ ಕೇಳಿದ್ದೀರಿ. ಪೆನ್ಸಿಲ್ ದಪ್ಪದ ಕಡ್ಡಿಯೊಂದು ಸಿಕ್ಕಿಕೊಂಡರೂ ರೀಲ್ ಒಮ್ಮೆಲೇ ನಿಂತು ಹಿಡಿ ಹೊಟ್ಟೆಗೆ ಬಡಿಯುತ್ತದೆ, ಅಲಗಿನಲ್ಲಿ ಕಚ್ಚು ಬೀಳುತ್ತದೆ. ತಳ್ಳುವ ಮೊದಲು ಬಿದಿರಿನ ರೇಕ್‌ನಿಂದ ಎಳೆದು, ನುರುಜುಗಲ್ಲುಗಳನ್ನೂ ಹೆಕ್ಕಿಬಿಡಿ. ಒಣ ತರಗೆಲೆ ಅಲ್ಪಸ್ವಲ್ಪವಿದ್ದರೆ ಯಂತ್ರವೇ ಪುಡಿಮಾಡುತ್ತದೆ. ಸಿಕ್ಕಿದ ಕಡ್ಡಿಯನ್ನು ಎಂದೂ ಬೆರಳಿನಿಂದ ತೆಗೆಯಬಾರದು. ಮೋಟಾರಿಲ್ಲ ಎಂಬ ಧೈರ್ಯ ಬೇಡ. ಕಡ್ಡಿ ಬಿಟ್ಟುಕೊಂಡೊಡನೆ ರೀಲ್ ಸ್ವಲ್ಪ ತಿರುಗಿದರೂ ಬೆರಳಿಗೆ ಪೆಟ್ಟಾಗುತ್ತದೆ. ಯಂತ್ರವನ್ನು ಹಿಂದಕ್ಕೆ ಎಳೆದು ಮರದ ತುಂಡಿನಿಂದ ತಳ್ಳಿ ತೆಗೆಯಿರಿ. ಮಕ್ಕಳು ಬರುವ ಮನೆಯಾದರೆ ಯಂತ್ರವನ್ನು ಅಂಗಳದಲ್ಲಿ ಬಿಡಬೇಡಿ.

ಮಡಿಕೇರಿ ಅಂಗಳ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮಳೆಗಾಲದ ಮಾತನ್ನು ಭಾಗಮಂಡಲದವರು ಮುಚ್ಚುಮರೆಯಿಲ್ಲದೆ ಹೇಳಿದ್ದು ಬಹಳ ಉಪಯೋಗವಾಯಿತು. ವೀಡ್ ಕಟರ್ ತರುವವರನ್ನು ವರ್ಷಕ್ಕೆ ಒಂದೆರಡು ಸಲ ಕರೆಯಲು ನಮಗೆ ಅಡ್ಡಿಯಿಲ್ಲ. ಇನ್ನೆರಡು ಸಂದೇಹಗಳಿವೆ. ಅಂಗಳದ ಹಿಂಬದಿಯಲ್ಲಿ ಬರೆ (ಕಡಿದಾದ ಮಣ್ಣಿನ ಇಳಿಜಾರು) ಇದೆ, ಅದರ ಮೇಲೂ ಹುಲ್ಲು ಬೆಳೆದಿದೆ. ಅಲ್ಲಿಯೂ ಇದನ್ನು ತಳ್ಳಬಹುದೇ? ಕತ್ತರಿಸಿದ ಹುಲ್ಲನ್ನು ಏನು ಮಾಡಬೇಕು?

ಗೋಣಿಕೊಪ್ಪ ತೋಟ:

ಬರೆಯ ಮೇಲೆ ಖಂಡಿತ ಬೇಡ, ಮೇಡಂ. ಸಣ್ಣ ಇಳಿಜಾರಾದರೆ ಮೇಲಿನಿಂದ ಕೆಳಕ್ಕೆ ತಳ್ಳದೆ ಅಡ್ಡಲಾಗಿ ತಳ್ಳಬಹುದು, ಕಾಲು ಜಾರಿದರೂ ಯಂತ್ರ ನಿಮ್ಮ ಮೇಲೆ ಬರುವುದಿಲ್ಲ. ಬರೆ ಎಂದು ಕರೆಯುವಷ್ಟು ಕಡಿದಾಗಿದ್ದರೆ ಅಲ್ಲಿನ ಹುಲ್ಲನ್ನು ಅಂದಕ್ಕಾಗಿ ಗಿಡ್ಡ ಮಾಡುವುದೇ ತಪ್ಪು. ಗಿಡ್ಡ ಕತ್ತರಿಸಿದಷ್ಟೂ ಬೇರು ಮೇಲಕ್ಕೆ ಉಳಿಯುತ್ತದೆ, ಉದ್ದ ಬಿಟ್ಟಷ್ಟೂ ಆಳಕ್ಕೆ ಇಳಿಯುತ್ತದೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ತಿಂಗಳನ್ನು ಕಂಡವರಿಗೆ ಬರೆಯ ಮಣ್ಣಿನ ಬೆಲೆ ಗೊತ್ತು. ಗುಡ್ಡವೇ ಕುಸಿಯುವಾಗ ಹುಲ್ಲು ಅದನ್ನು ತಡೆಯಲಾರದು ನಿಜ, ಆದರೆ ಮಳೆಹನಿಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಅದು ತಡೆಯುತ್ತದೆ. ಅದನ್ನು ಮುಟ್ಟದೆ ಬಿಡಿ.

ಕತ್ತರಿಸಿದ ಹುಲ್ಲನ್ನು ಒಣ ತಿಂಗಳುಗಳಲ್ಲಿ ಅಂಗಳದಲ್ಲಿಯೇ ಬಿಡಿ. ವಾರಕ್ಕೊಮ್ಮೆ ಕತ್ತರಿಸಿದಾಗ ಬೀಳುವ ತುಣುಕುಗಳು ಸಣ್ಣವಾದ್ದರಿಂದ ಬೇಗ ಕೊಳೆತು ಸಾರಜನಕವನ್ನು ಮಣ್ಣಿಗೆ ಮರಳಿಸುತ್ತವೆ. ಮಳೆಯ ನಡುವೆ ಕತ್ತರಿಸಿದ್ದನ್ನು ಮಾತ್ರ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ, ಇಲ್ಲವಾದರೆ ಮುದ್ದೆಯಾಗಿ ಕುಳಿತು ಕೆಳಗಿನ ಹುಲ್ಲನ್ನು ಕೊಳೆಸುತ್ತದೆ. ತೆನೆಯಿರುವ ಕಾರ್ಪೆಟ್ ಹುಲ್ಲನ್ನು ಕಾಫಿ ಗಿಡದ ಬುಡಕ್ಕೆ ಹಾಸಬೇಡಿ, ಅದು ಅಲ್ಲಿಯೂ ಬೇರೂರುತ್ತದೆ.

ಕೊಳ್ಳುವಾಗ ಅಂಗಡಿಯಲ್ಲಿ ಬೆಲೆಗಿಂತ ಮೊದಲು ಎರಡನ್ನು ಕೇಳಿ: ಕತ್ತರಿಸುವ ಎತ್ತರವನ್ನು ಎಷ್ಟರವರೆಗೆ ಏರಿಸಬಹುದು, ಮತ್ತು ತಳದ ಅಲಗು ಬಿಡಿಭಾಗವಾಗಿ ಸಿಗುತ್ತದೆಯೇ. ಕಾರ್ಪೆಟ್ ಹುಲ್ಲಿಗೆ 5 ಸೆಂಟಿಮೀಟರ್‌ವರೆಗಾದರೂ ಏರಬೇಕು. ಸಾಧ್ಯವಾದರೆ ಏಪ್ರಿಲ್ ಒಳಗೆ ತಂದು, ಹೂಮಳೆಯ ಚಿಗುರು ಎತ್ತರವಾಗುವ ಮೊದಲೇ ಶುರುಮಾಡಿ.