ಹಳೆ ಮೊಬೈಲ್ ಹೋಮ್ ಸಾಗಿಸಿ ಬಾಡಿಗೆಗೆ ಕೊಟ್ಟರೆ ಗಿಟ್ಟುತ್ತದೆಯೇ? (ಟೆಕ್ಸಾಸ್)

ಪ್ರಶ್ನೆ: ನಮಸ್ಕಾರ. ಲಾಕ್‌ಹಾರ್ಟ್ ಹತ್ತಿರ 1998ರ ಸಿಂಗಲ್ ವೈಡ್ ಮನೆ (ಕಾರ್ಖಾನೆಯಲ್ಲಿ ಕಟ್ಟಿ ಒಂದೇ ತುಂಡಾಗಿ ಎಳೆದು ತರುವಂಥದ್ದು, 16×76 ಅಡಿ) 9,000 ಡಾಲರ್‌ಗೆ ಸಿಗ್ತಿದೆ. ಬಾಸ್‌ಟ್ರಾಪ್ ಕೌಂಟಿಯಲ್ಲಿ ನಮ್ಮದು ಒಂದು ಎಕರೆ ಖಾಲಿ ಜಾಗ ಇದೆ, ಬ್ರಜೋರಿಯಾ ಕೌಂಟಿಯಲ್ಲಿ ಅಣ್ಣನದು ಇನ್ನೊಂದು. ಸಾಗಣೆಗೆ ಆರೇಳು ಸಾವಿರ ಅಂತಾರೆ. ಅಷ್ಟರಲ್ಲಿ ಮುಗಿಯುತ್ತಾ? ಬಾಡಿಗೆ ತಿಂಗಳಿಗೆ 1,100 ಬರಬಹುದು.

ಉತ್ತರ (ಇನ್‌ಸ್ಟಾಲರ್, ಇಂಥ ಮನೆ ಕೂರಿಸುವವರು): ಮುಗಿಯಲ್ಲ ಸರ್. ಸಾಗಿಸಿ, ಬ್ಲಾಕ್ ಮೇಲೆ ಕೂರಿಸಿ, ಗಾಳಿಗೆ ಅಲುಗದಂತೆ ನೆಲಕ್ಕೆ ಆಂಕರ್ ಪಟ್ಟಿ ಬಿಗಿಯೋದಕ್ಕೆ ಹತ್ತಿರದ ದೂರವಾದರೆ 7,000 ಹಿಡಿಯಿರಿ. ಅಡಿಯಲ್ಲಿ ಆಕ್ಸಲ್, ಟೈರ್, ಮುಂದಿನ ಹಿಚ್ (ಎಳೆಯುವ ಕೊಂಡಿ) ಇಲ್ಲದಿದ್ದರೆ ಬಾಡಿಗೆಗೆ ತರಬೇಕು, ಅದು ಬೇರೆ. ದೊಡ್ಡ ಖರ್ಚು ಮನೆ ಬಂದು ನಿಲ್ಲುವ ಜಾಗದ್ದು. ನನ್ನ ಅಂದಾಜು: ಏರೋಬಿಕ್ ಸೆಪ್ಟಿಕ್ (ಗಾಳಿ ಊದಿ ಕೊಳಚೆ ನೀರು ಶುದ್ಧಮಾಡುವ ವ್ಯವಸ್ಥೆ) 13,000, ಕರೆಂಟ್ ಕಂಬ ಮತ್ತು 200 ಆಂಪ್ ಮೀಟರ್ 3,000, ನೀರಿನ ಸಂಪರ್ಕ 4,000, ಪ್ಯಾಡ್ ಮತ್ತು ಜಲ್ಲಿ ದಾರಿ 3,500, ಸ್ಕರ್ಟಿಂಗ್ (ಮನೆಯಡಿಯ ಸುತ್ತಲಿನ ಮರೆ), ಮೆಟ್ಟಿಲು 2,500, ಎಸಿ ಮರುಜೋಡಣೆ, ನೆಲದ ರಿಪೇರಿ 4,000. ಮನೆ ಬೆಲೆಯೂ ಸೇರಿ 46,000.

ಅಡ್ವಾನ್ಸ್ ಕೊಡುವ ಮೊದಲು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಥವಾ ಬೆಡ್‌ರೂಮ್ ಕ್ಲಾಸೆಟ್‌ನಲ್ಲಿ ಅಂಟಿಸಿರುವ ಡೇಟಾ ಪ್ಲೇಟ್ (ಕಾರ್ಖಾನೆಯ ವಿವರ ಚೀಟಿ) ಓದಿ. ವಿಂಡ್ ಝೋನ್ 1 (ಕಡಿಮೆ ಗಾಳಿಯ ಪ್ರದೇಶಕ್ಕೆ ಕಟ್ಟಿದ್ದು) ಅಂತಿದ್ದರೆ ಬ್ರಜೋರಿಯಾ ಆಸೆ ಬಿಡಿ. ಅದು ಕರಾವಳಿ ಕೌಂಟಿ, ಜೋರು ಗಾಳಿಯ ಝೋನ್ 2. 1997ರ ಸೆಪ್ಟೆಂಬರ್ ನಂತರದ ಝೋನ್ 1 ಮನೆಯನ್ನು ಅಲ್ಲಿ ಕೂರಿಸುವಂತಿಲ್ಲ.

ಆಮೇಲೆ ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್ (ಮನೆಯ ಒಡೆತನದ ಪತ್ರ) ನೋಡಿ. ಅದರಲ್ಲಿ ರಿಯಲ್ ಪ್ರಾಪರ್ಟಿ (ಸ್ಥಿರಾಸ್ತಿ) ಅಂತಿದ್ದರೆ ಮೊದಲು ಪರ್ಸನಲ್ ಪ್ರಾಪರ್ಟಿಗೆ (ಚರಾಸ್ತಿ) ಬದಲಿಸಬೇಕು. ತೆರಿಗೆ ಬಾಕಿ ಇಲ್ಲ ಅನ್ನುವ ಕಾಗದ ಮಾರುವವರಿಂದಲೇ ತರಿಸಿಕೊಳ್ಳಿ.

ಕೊನೆಗೆ ಒಂದು ಸ್ಕ್ರೂಡ್ರೈವರ್. ವಾಟರ್ ಹೀಟರ್ ಪಕ್ಕ, ಟಬ್ ಅಂಚು, ಹೊರಬಾಗಿಲ ಹೊಸ್ತಿಲ ಬಳಿ ನೆಲಕ್ಕೆ ಒತ್ತಿ. ಆ ಕಾಲದ ಮನೆಗಳಲ್ಲಿ ನೆಲ ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್, ನೀರು ಕುಡಿದರೆ ನೆನೆದ ಬಿಸ್ಕತ್ತಿನಂತಾಗುತ್ತದೆ.

ಪ್ರಶ್ನೆ: ಸಾದಾ ಸೆಪ್ಟಿಕ್ ಸಾಲದೇ? ಬ್ಯಾಂಕ್ ಸಾಲ ಸಿಗುತ್ತಾ?

ಉತ್ತರ (ಇನ್‌ಸ್ಟಾಲರ್): ಅದನ್ನು ಮಣ್ಣಿನ ಪರೀಕ್ಷೆ ಹೇಳಬೇಕು. ಆ ಭಾಗದಲ್ಲಿ ಕೆಲವು ಕಡೆ ಮರಳು, ಕೆಲವು ಕಡೆ ಗದಗ ಸೀಮೆಯ ಎರೆ ಭೂಮಿಯಂಥ ಕಪ್ಪು ಮಣ್ಣು. ಎರೆಯಲ್ಲಿ ನೀರು ಇಂಗುವುದಿಲ್ಲ, ಅದಕ್ಕೇ ಏರೋಬಿಕ್. ಅದೇ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಬ್ಲಾಕ್‌ಗಳನ್ನು ಅಲ್ಲಾಡಿಸುತ್ತದೆ. ಬಾಗಿಲು ಚೌಕಟ್ಟಿಗೆ ಉಜ್ಜಲು ಶುರುವಾದರೆ ಮನೆ ಮಟ್ಟ ತಪ್ಪಿದೆ ಅಂತ. ಮೊದಲ ವರ್ಷದ ಕೊನೆಗೆ ಮಟ್ಟ ಸರಿಮಾಡಲು ಈಗಲೇ ಹಣ ಎತ್ತಿಡಿ.

ಉತ್ತರ (ಸಿಪಿಎ, ಲೆಕ್ಕಪರಿಶೋಧಕರು): ಒಮ್ಮೆ ಒಂದು ಕಡೆ ಕೂರಿಸಿ ಮತ್ತೆ ಎತ್ತಿದ ಮನೆಗೆ ಮಾಮೂಲಿ ಗೃಹಸಾಲ ಸಿಗುವುದು ಕಷ್ಟ. ನಾಳೆ ನೀವು ಮಾರುವಾಗಲೂ ನಗದು ಗಿರಾಕಿಯನ್ನೇ ಹುಡುಕಬೇಕಾಗುತ್ತದೆ. ಸಾಗಣೆ, ಕೂರಿಸುವ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಆ ವರ್ಷವೇ ಕಳೆಯಲು ಬರುವುದಿಲ್ಲ, ಮನೆಯ ಬೆಲೆಗೆ ಸೇರಿಸಿ 27.5 ವರ್ಷಕ್ಕೆ ಸವಕಳಿ ತೆಗೆಯಬೇಕು. ವರ್ಷದ ಬಾಡಿಗೆ 13,200. ತೆರಿಗೆ, ವಿಮೆ, ರಿಪೇರಿ, ಖಾಲಿ ತಿಂಗಳು ಎಲ್ಲಕ್ಕೂ ಶೇ. 40 ತೆಗೆದರೆ ಉಳಿಯುವುದು 7,920. ಹಾಕಿದ ದುಡ್ಡು ವಾಪಸಾಗಲು ಹತ್ತಿರ ಆರು ವರ್ಷ.

ಪ್ರಶ್ನೆ: ನೋಡಿ ಬಂದೆ. ಝೋನ್ 1. ಟಬ್ ಪಕ್ಕ ಸ್ಕ್ರೂಡ್ರೈವರ್ ಸಲೀಸಾಗಿ ಇಳೀತು.

ಉತ್ತರ (ಇನ್‌ಸ್ಟಾಲರ್): ಹಾಗಾದರೆ ಬಾಸ್‌ಟ್ರಾಪ್ ಒಂದೇ. ಕೊಳೆತಿರುವುದು ನೆಲದ ಹಲಗೆ ಮಾತ್ರವಾದರೆ ಕತ್ತರಿಸಿ ಪ್ಲೈವುಡ್ ಹಾಕಬಹುದು. ಗೋಡೆ ಕೂತಿರುವ ಅಂಚಿನ ತೊಲೆಯೂ ಮೆತ್ತಗಾಗಿದ್ದರೆ ದಾರಿಯ ಕುಲುಕಾಟಕ್ಕೆ ಗೋಡೆ ಬಿಡುತ್ತದೆ, ಎತ್ತುವ ಮೊದಲೇ ಬದಲಿಸಬೇಕು. ಅಡಿಯ ಕಪ್ಪು ಹೊದಿಕೆ ಸ್ವಲ್ಪ ಸೀಳಿ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಚೌಕಾಸಿಗೆ ಕೂರಿ.