ಸಹಾಯ ಬೇಕು: ನಾಲಿಗೆ ತಾಗಿಸಿ ಹೇಳುವ 'ಪ' ಬರೆಯುವುದು ಹೇಗೆ?

ನಮಸ್ಕಾರ. ಪೆಸಿಫಿಕ್ ಸಾಗರದ ದೇಶ ವನವಾಟುವಿನ ಎಸ್ಪಿರಿಟು ಸ್ಯಾಂಟೊ ದ್ವೀಪದ ದಕ್ಷಿಣಕ್ಕೆ ಅರಕಿ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿನ ಭಾಷೆಯ ಹೆಸರೂ ಅರಕಿ. ಆಡುವವರು ಬೆರಳೆಣಿಕೆಯಷ್ಟೇ. ಅದರ ಬಗ್ಗೆ ಲೇಖನ ಬರೆಯಲು ಕೂತು ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ಪ, ಮ ಹೇಳುವಾಗ ತುಟಿಗೆ ತುಟಿ ಸೇರುತ್ತದೆ, ಅಲ್ವಾ? ಅರಕಿಯಲ್ಲಿ ಅವು ಇವೆ. ಜೊತೆಗೆ ನಾಲಿಗೆ ತುದಿಯನ್ನು ಮೇಲ್ದುಟಿಗೆ ತಾಗಿಸಿ ಹೇಳುವ ಬೇರೆಯೇ ಪ, ಮ, ವ ಇವೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಪ-ತ ನಡುವಿನ ಏನೋ ಒಂದು ಸದ್ದು ಬಂತು, ಮಗಳು ಬಿದ್ದುಬಿದ್ದು ನಕ್ಕಳು. ಇದಕ್ಕೆ ಜ಼, ಫ಼ ಥರ ಚುಕ್ಕಿ ಹಾಕಿದರೆ ಸಾಕಾ?

ರ ಕೂಡ ಎರಡು: ಒಂದು ಸುಮ್ನೆ ತಟ್ಟಿ ಬಿಡುವುದು, ಇನ್ನೊಂದು ಅದುರಿಸುವುದು. ಅದುರುವುದಕ್ಕೆ ಹಳಗನ್ನಡದ ಱ ಬಳಸೋಣ ಅಂತಿದ್ದೇನೆ. ನಿಮ್ಮ ಫೋನಿನಲ್ಲಿ ಆ ಅಕ್ಷರ ಸರಿಯಾಗಿ ಕಾಣುತ್ತಿದೆಯಾ? ದಯವಿಟ್ಟು ನೋಡಿ ಹೇಳಿ.