‘ತದಾಯ್ಮಾ’, ‘ಒಕಾಯೆರಿ’: ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಾವಿರುವುದು ಟೋಕಿಯೋದ ನಿಶಿ ಕಸಾಯಿಯಲ್ಲಿ. ಮಗಳು ಇಲ್ಲಿನ ಶಾಲೆಯಲ್ಲಿ ಎರಡನೇ ಕ್ಲಾಸು. ಮನೆಯೊಳಗೆ ಕನ್ನಡವೇ ಮಾತು. ಆದರೆ ಬಾಗಿಲ ಹತ್ತಿರ ಒಂದು ಕಡೆ ಕನ್ನಡ ನನಗೆ ಕೈಕೊಡುತ್ತಿದೆ.

ಹೊರಡುವಾಗ ತೊಂದರೆಯಿಲ್ಲ. ಜಪಾನಿನಲ್ಲಿ ಹೊರಡುವವರು ‘ಇತ್ತೆ ಕಿಮಾಸ್’ ಅನ್ನುತ್ತಾರೆ. ‘ಇತ್ತೆ’ ಅಂದರೆ ಹೋಗಿ, ‘ಕಿಮಾಸ್’ ಅಂದರೆ ಬರ್ತೀನಿ. ಪದಕ್ಕೆ ಪದ ನಮ್ಮ ‘ಹೋಗಿ ಬರ್ತೀನಿ’! ಮನೆಯಲ್ಲಿ ಉಳಿಯುವವರು ‘ಇತ್ತೆರಾಶ್ಶಾಯ್’ ಅನ್ನುತ್ತಾರೆ, ಅಂದರೆ ‘ಹೋಗಿ ಬನ್ನಿ’. ಪುಟ್ಟ ಮಗುವಿಗೂ ಇದೇ ಮರ್ಯಾದೆಯ ಮಾತು. ‘ಹೋಗ್ತೀನಿ’ ಅಂದರೆ ಬಯ್ಯುತ್ತಿದ್ದ ನಮ್ಮಜ್ಜಿ ಇಲ್ಲಿದ್ದಿದ್ದರೆ ಖುಷಿಪಡುತ್ತಿದ್ದರು.

ಕಷ್ಟ ಶುರುವಾಗುವುದು ವಾಪಸ್ ಬಂದಾಗ. ಬಂದವರು ‘ತದಾಯ್ಮಾ’ ಎಂದು ಕೂಗಬೇಕು. ಅದರ ಅರ್ಥ ‘ಈಗ ತಾನೇ’ ಅಷ್ಟೇ. ‘ಮರಳಿದೆ’ ಅನ್ನುವುದನ್ನು ನುಂಗಿಬಿಟ್ಟಿದ್ದಾರೆ. ಒಳಗಿನಿಂದ ‘ಒಕಾಯೆರಿ’ ಅನ್ನುತ್ತಾರೆ. ಒಬ್ಬರೇ ಇರುವವರೂ ಖಾಲಿ ಮನೆಗೆ ತದಾಯ್ಮಾ ಹೇಳುವುದುಂಟು.

ಮಗಳು ಕೇಳಿದಳು, ‘ಅಪ್ಪಾ, ಇದಕ್ಕೆ ಕನ್ನಡದಲ್ಲಿ ಏನನ್ಬೇಕು?’ ‘ಬಂದೆ ಅನ್ನು’ ಅಂದೆ. ಮರುದಿನ ಬಾಗಿಲಲ್ಲಿ ‘ಬಂದೇ...’ ಅಂದಳು. ಒಳಗಿದ್ದ ನನ್ನ ಹೆಂಡತಿ ‘ನಿನ್ನನ್ನ ಯಾರು ಕರೆದ್ರು?’ ಅಂದಳು. ನಿಜ ಅಲ್ವಾ? ಕರೆದಾಗ ಓಗೊಡುವುದಕ್ಕೆ ತಾನೇ ನಾವು ‘ಬಂದೆ, ಬಂದೆ’ ಅನ್ನುವುದು. ‘ವಾಪಸ್ ಬಂದೆ’ ಅಂದರೆ ಏನೋ ಮರೆತು ಅರ್ಧ ದಾರಿಯಿಂದ ತಿರುಗಿದ ಹಾಗಿದೆ. ನಾನು ಚಿಕ್ಕವನಿದ್ದಾಗ ಚೀಲ ಬಿಸಾಡಿ ‘ಅಮ್ಮಾ, ತಿಂಡಿ!’ ಅನ್ನುತ್ತಿದ್ದೆ. ಅದೇ ನಮ್ಮ ತದಾಯ್ಮಾ ಇರಬೇಕು.

ಒಕಾಯೆರಿಗೆ ‘ಬಂದ್ಯಾ?’ ಹತ್ತಿರ ಬರುತ್ತದೆ. ಬಂದದ್ದು ಕಣ್ಣಿಗೆ ಕಾಣುತ್ತಿದ್ದರೂ ಕೇಳುತ್ತೇವಲ್ಲ, ಆ ಪ್ರೀತಿ ಅದರಲ್ಲಿದೆ. ಆದರೆ ಒಕಾಯೆರಿಯಲ್ಲಿ ಇನ್ನೊಂದು ಎಳೆಯಿದೆ. ಅದರ ಬೇರು ‘ಕಾಯೆರು’, ಅಂದರೆ ತನ್ನ ಮನೆಗೋ ಊರಿಗೋ ದೇಶಕ್ಕೋ ಮರಳುವುದು. ಸುಮ್ನೆ ಹಿಂದಿನ ಜಾಗಕ್ಕೆ ಬರುವುದಕ್ಕೆ ‘ಮೊದೊರು’ ಎಂಬ ಬೇರೆ ಪದವಿದೆ. ನರಿತಾ ವಿಮಾನ ನಿಲ್ದಾಣದ ಫಲಕದಲ್ಲಿ ಇಂಗ್ಲಿಷಿನಲ್ಲಿ ಜಪಾನಿಗೆ ಸ್ವಾಗತ ಅಂತಿದ್ದರೆ, ಜಪಾನಿಯಲ್ಲಿ ‘ಒಕಾಯೆರಿ ನಸಾಯ್’ ಅಂತಿದೆ. ಇಂಗ್ಲಿಷ್ ನೆಂಟರಿಗೆ, ಜಪಾನಿ ಮನೆಯವರಿಗೆ.

ನಮ್ಮ ‘ಮರಳು’, ‘ಹಿಂತಿರುಗು’ಗಳಲ್ಲಿ ಈ ಭೇದವಿಲ್ಲ. ‘ಮನೆ ಸೇರು’ ಒಂದು ಹೊಳೆಯಿತು. ಆದರೆ ‘ಮನೆ ಸೇರಿದ್ಯಾ?’ ಎಂದು ಫೋನಿನಲ್ಲಿ ಕೇಳಬಹುದು, ಬಾಗಿಲು ತೆಗೆದವರು ಕೇಳುವುದಿಲ್ಲ. ‘ಸ್ವಾಗತ’ ಅಂದರೆ ಮದುವೆ ಛತ್ರದ ಬಾಗಿಲಾಗುತ್ತದೆ.

ಎರಡು ಪ್ರಶ್ನೆ. ಹೊರಗಿನಿಂದ ಬಂದವರು ತಾವಾಗಿ ಹೇಳುವ ಮಾತು ನಿಮ್ಮ ಕಡೆ ಯಾವುದಾದರೂ ಇದೆಯೇ? ಧಾರವಾಡ, ಕರಾವಳಿ, ಮಲೆನಾಡಿನವರು ದಯವಿಟ್ಟು ತಿಳಿಸಿ. ತನ್ನ ಮನೆಗೇ ಮರಳುವುದು ಎಂಬ ಅರ್ಥವಷ್ಟೇ ಇರುವ ಹಳೆಯ ಕ್ರಿಯಾಪದವೇನಾದರೂ ನಿಮಗೆ ಗೊತ್ತೇ?

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ‘ತದಾಯ್ಮಾ’ಕ್ಕೆ ಉತ್ತರ ‘ಬಂದ್ಯಾ? ಕೈಕಾಲು ತೊಳ್ಕೋ’.